ಎದುರು ಮಣೆ

ಎರಡು ಮಣೆಗಳು ಎದುರುಬದುರಾಗಿರುತ್ತಿದ್ದವು. ಒಂದರ ಮುಂದೆ ತಟ್ಟೆ, ಇನ್ನೊಂದರ ಮುಂದೆ ಬರಿಯ ನೆಲ. ತಟ್ಟೆಯಿಲ್ಲದ ಮಣೆ ನನ್ನದು. ಅದರ ಮೇಲೆ ಕೂತು ಇನ್ನೊಬ್ಬರು ಉಣ್ಣುವುದನ್ನು ನೋಡುವುದೇ ಆ ಬೇಸಗೆಯಲ್ಲಿ ನನ್ನ ಕೆಲಸವಾಗಿತ್ತು. ಹೀಗೂ ಒಂದು ಕೆಲಸ ಇರುತ್ತದೆಯೇ ಎಂದು ನೀವು ಕೇಳಬಹುದು. ಇತ್ತು, ನಾನೇ ಮಾಡಿದ್ದೇನೆ.

ಆಗ ನನಗೆ ನಲವತ್ತೆರಡು. ಚೆನ್ನವೀರಯ್ಯ ಎಂಬ ಪಂಡಿತರ ಔಷಧಾಲಯದಲ್ಲಿ ಶುಂಠಿ, ಹಿಪ್ಪಲಿ ಕುಟ್ಟಿ ಜರಡಿ ಹಿಡಿಯುತ್ತಿದ್ದೆ. ಅಕ್ಷರ ದುಂಡಗಿದ್ದುದರಿಂದ ಪಥ್ಯದ ಚೀಟಿ ಬರೆಯುವುದೂ ನನ್ನ ಪಾಲಿಗೆ ಬಂದಿತ್ತು. ಪಂಡಿತರಿಗೆ ಚೂರ್ಣ, ಲೇಹ್ಯಗಳಿಗಿಂತ ಉಣ್ಣುವ ರೀತಿಯ ಮೇಲೆ ಹೆಚ್ಚು ನಂಬಿಕೆ. "ಏನು ತಿಂದೆ ಅನ್ನೋದು ಆಮೇಲೆ, ಹ್ಯಾಗೆ ತಿಂದೆ ಅದನ್ನ ಹೇಳು" ಎನ್ನುತ್ತಿದ್ದರು. ಹೊಟ್ಟೆಯ ತೊಂದರೆಯೆಂದು ಯಾರು ಬಂದರೂ ಚೀಟಿಯಲ್ಲಿ ಅವೇ ಮಾತುಗಳು. ಹಸಿದಾಗ ಉಣ್ಣಬೇಕು, ದಿನವೂ ಒಂದೇ ಹೊತ್ತಿಗೆ ಉಣ್ಣಬೇಕು. ನೆಲದ ಮೇಲೆ ಕೂತು ಉಣ್ಣಬೇಕು. ತುತ್ತು ಬಾಯಲ್ಲೇ ನೀರಾಗುವ ತನಕ ಅಗಿಯಬೇಕು. ಅರ್ಧ ಹೊಟ್ಟೆ ಅನ್ನಕ್ಕೆ, ಕಾಲು ನೀರಿಗೆ, ಇನ್ನು ಕಾಲು ಖಾಲಿ. ಎದ್ದ ಮೇಲೆ ನೂರು ಹೆಜ್ಜೆ. ಕೆಲವರ ಚೀಟಿಯಲ್ಲಿ ಮಾತ್ರ ಕೊನೆಗೆ ಇನ್ನೊಂದು ಸಾಲು ಬರೆಸುತ್ತಿದ್ದರು: ಎದುರಿಗೆ ಒಬ್ಬರು ಕೂರತಕ್ಕದ್ದು.

ಅದು ಒಂಟಿಯಾಗಿ ಉಣ್ಣುವವರಿಗೆ. "ಒಬ್ಬರೇ ಇದ್ರೆ ಕೈ ಓಡ್ತದೆ. ನೋಡೋರಿದ್ರೆ ಅದಕ್ಕೂ ಸ್ವಲ್ಪ ನಾಚಿಕೆ ಬರ್ತದೆ" ಎಂಬುದು ಅವರ ವಾದ. ಎದುರು ಕೂರಲು ಯಾರೂ ಇಲ್ಲದವರ ಮನೆಗೆ ನನ್ನನ್ನು ಕಳಿಸುತ್ತಿದ್ದರು. ಅದಕ್ಕೊಂದು ಕಟ್ಟಳೆಯಿತ್ತು. ರೋಗಿಯ ಮನೆಯಲ್ಲಿ ಒಂದು ಲೋಟ ನೀರನ್ನೂ ನಾನು ಕುಡಿಯುವ ಹಾಗಿರಲಿಲ್ಲ.

ಆ ಕಟ್ಟಳೆ ನನಗೆ ಅನುಕೂಲವೇ ಆಗಿತ್ತು. ಗಂಡನ ಮನೆಯಲ್ಲಿ ನಾನಿದ್ದದ್ದು ಏಳು ವರ್ಷ. ಅಲ್ಲಿ ಎಲ್ಲರೂ ಉಂಡೆದ್ದ ಮೇಲೆ ಉಳಿದದ್ದನ್ನು ಒಲೆಯ ಮುಂದೆ ನಿಂತು ನುಂಗಬೇಕು, ನುಂಗುವುದರೊಳಗೆ ಯಾರಾದರೂ ಕೂಗುತ್ತಾರೆ. ಆ ಮನೆ ಬಿಟ್ಟು ಬಂದೆ, ಆ ಅಭ್ಯಾಸ ಬಿಡಲಿಲ್ಲ. ಒಂಟಿ ಕೋಣೆಯ ನನ್ನ ಮನೆಯಲ್ಲಿ ಮೂರು ಗಂಟೆಗೆ, ತಣ್ಣಗಾದ ಮುದ್ದೆಯನ್ನು ಪಾತ್ರೆಯಿಂದಲೇ ಮುರಿದು, ನಿಂತೇ ನುಂಗುತ್ತಿದ್ದೆ. ಐದು ನಿಮಿಷವೂ ಆಗುತ್ತಿರಲಿಲ್ಲ. ಎದೆಯುರಿ ಬಂದರೆ ಪಂಡಿತರ ಡಬ್ಬಿಯಿಂದ ಒಂದು ಚಿಟಿಕೆ ಓಮ ಎತ್ತಿಕೊಳ್ಳುತ್ತಿದ್ದೆ. ಆ ಮನೆ ಬಿಟ್ಟ ಹನ್ನೊಂದು ವರ್ಷದಲ್ಲಿ ನಾನು ಉಣ್ಣುವುದನ್ನು ಒಂದು ನರಪಿಳ್ಳೆಯೂ ಕಂಡಿರಲಿಲ್ಲ. ಊರಿಗೆಲ್ಲ ಅಗಿಯುವ ಪಾಠ ಹೇಳುವವಳ ಬಂಡವಾಳ ಇಷ್ಟು.

ಬೇಸಗೆಯ ನಡುವೆ ಪಂಡಿತರು ನನ್ನನ್ನು ಹಾಲಪ್ಪನವರ ಮನೆಗೆ ಕಳಿಸಿದರು. ಅವರು ಪುಸ್ತಕಗಳಿಗೆ ರಟ್ಟು ಕಟ್ಟುವವರು. ಹೆಂಡತಿ ನೀಲಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅಂದಿನಿಂದ ಅವರ ಊಟವೆಂದರೆ ಅಂಟು ಕುದಿಯುವ ಹೊತ್ತಿನಲ್ಲಿ ಚಹಾದಲ್ಲಿ ಅದ್ದಿದ ಎರಡು ಬ್ರೆಡ್ಡು, ಕೆಲಸ ಮುಗಿದಾಗ ಹೋಟೆಲಿನಿಂದ ತಂದದ್ದು ಏನಾದರೊಂದು. ಹುಳಿತೇಗು, ಹೊಟ್ಟೆಯುಬ್ಬರ, ಸುಣ್ಣ ಬಳಿದಂಥ ನಾಲಗೆ. ಅಂಗಿಯೊಳಗೆ ಮೈಯೇ ಇಲ್ಲದ ಹಾಗೆ ಕಾಣುತ್ತಿದ್ದರು.

ಮೊದಲ ದಿನ ಹನ್ನೆರಡೂವರೆಗೆ ನಾನು ಮಣೆ ಹಾಕಿ ಕೂತಾಗ ಅವರು ಗಂಜಿಯ ತಟ್ಟೆಯನ್ನೂ ನನ್ನನ್ನೂ ನೋಡಿದರು.

"ನಾನು ಉಣ್ಣೋದೇನು ಬಯಲಾಟನೇನ್ರೀ, ಮುಂದೆ ಬಂದು ಕೂರೋಕೆ?"

"ನಿಮ್ಮನ್ನ ನೋಡೋಕೆ ಬಂದಿಲ್ಲ. ತುತ್ತು ಎಣಿಸೋಕೆ ಬಂದಿದೀನಿ" ಎಂದೆ.

"ತಪ್ಪಿದ್ರೆ?"

"ಪಂಡಿತರಿಗೆ ಹೇಳ್ತೀನಿ."

ಅವರು ನಕ್ಕರು, ನಕ್ಕದ್ದಕ್ಕೆ ಹೊಟ್ಟೆ ಹಿಡಿದುಕೊಂಡರು. ಆಮೇಲೆ ತಲೆ ಬಗ್ಗಿಸಿ ಅಗಿಯತೊಡಗಿದರು. ಅಂಟಿಗೆ ಬೆರೆಸುವ ಮೈಲುತುತ್ತದಿಂದ ಅವರ ಉಗುರುಗಳ ಸಂದಿ ನೀಲಿಯಾಗಿತ್ತು. ಮರುದಿನದಿಂದ ಸೀಗೆಪುಡಿ ಹಚ್ಚಿ ಕೈ ತೊಳೆದು ಬಂದು ಕೂರತೊಡಗಿದರು.

ಬಾಯಿ ತುಂಬಿಕೊಂಡು ಮಾತಾಡಬಾರದೆಂಬ ನಿಯಮದಿಂದ ನಮ್ಮ ಮಾತಿಗೆ ಒಂದು ಸರದಿ ಏರ್ಪಟ್ಟಿತು. ಅವರು ಅಗಿಯುವಾಗ ನಾನು ಮಾತಾಡಬೇಕು, ನುಂಗಿದ ಮೇಲೆ ಅವರು. ತುತ್ತು ನೀರಾಗಲು ಬಹಳ ಹೊತ್ತು ಬೇಕು, ಆದ್ದರಿಂದ ಮಾತಿನ ದೊಡ್ಡ ಪಾಲು ನನಗೇ ಸಿಗುತ್ತಿತ್ತು. ಏನೇನೋ ಹೇಳಿದೆ. ಔಷಧಾಲಯಕ್ಕೆ ಬರುವವರ ಸುದ್ದಿ, ನನ್ನ ತಾಯಿ ಮಾಡುತ್ತಿದ್ದ ಹುರುಳಿಕಟ್ಟಿನ ಸಾರು, ಗಂಡನ ಮನೆಯಲ್ಲಿ ಬಾಗಿಲ ಸಂದಿಯಿಂದ ಕಾಣುತ್ತಿದ್ದ ಬೇವಿನ ಮರ. ನುಂಗಿದ ಮೇಲೆ ಅವರು "ಆಮೇಲೆ?" ಎನ್ನುತ್ತಿದ್ದರು, ಮತ್ತೆ ತುತ್ತೆತ್ತುತ್ತಿದ್ದರು. ನನ್ನ ಮಾತಿಗೆ ಆಮೇಲೆ ಎಂದು ಕೇಳಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಊಟವಾದ ಮೇಲೆ ನೂರು ಹೆಜ್ಜೆ. ಅವರ ಮನೆ ಉದ್ದದ ಮನೆ. ಬೀದಿಯ ಕಡೆಯ ಕಿಟಕಿಯಿಂದ ಹಿತ್ತಲ ಬಾಗಿಲಿಗೆ ಸರಿಯಾಗಿ ಇಪ್ಪತ್ತೈದು ಹೆಜ್ಜೆ. ಹೋಗಿ ಬಂದು, ಹೋಗಿ ಬಂದು ಮಾಡಿದರೆ ನೂರು. ಅವರು ಮುಂದೆ, ನಾನು ಹಿಂದಿನಿಂದ ಗಟ್ಟಿಯಾಗಿ ಎಣಿಸುತ್ತಾ. ಕೊನೆಯಲ್ಲಿ ಅವರು ನಾಲಗೆ ತೋರಿಸಬೇಕು, ನಾನು ಅಂದಿನ ಚೀಟಿಯಲ್ಲಿ ಅದರ ಬಣ್ಣ ಬರೆದು ಪಂಡಿತರಿಗೆ ಒಪ್ಪಿಸಬೇಕು. ಬಿಳುಪು ಪೂರ್ತಿ ಹೋದ ದಿನ ಪಥ್ಯ ಮುಗಿಯಬೇಕು, ನಾನು ಹೋಗುವುದೂ ನಿಲ್ಲಬೇಕು.

ಅವರು ಆ ದಿನಕ್ಕಾಗಿ ಕಾಯುತ್ತಿದ್ದುದು ಮಾವಿನಹಣ್ಣಿಗಾಗಿ. ಒಳಕೋಣೆಯಲ್ಲಿ ಹುಲ್ಲು ಹಾಸಿದ ಬುಟ್ಟಿಯಲ್ಲಿ ರಸಪೂರಿ ಕಾಯಿಗಳಿದ್ದವು. ತೋಟದವರೊಬ್ಬರು ರಟ್ಟು ಕಟ್ಟಿಸಿಕೊಂಡ ಪ್ರೀತಿಗೆ ಕೊಟ್ಟದ್ದು. ನಾಲಗೆ ತಿಳಿಯಾಗುವ ತನಕ ಹಣ್ಣು ಮುಟ್ಟಕೂಡದೆಂದು ಪಂಡಿತರ ಅಪ್ಪಣೆಯಾಗಿತ್ತು. "ಮೂರು ವರ್ಷದಿಂದ ಮಾವಿನಹಣ್ಣು ತಿಂದಿಲ್ಲ. ನೀಲಮ್ಮ ಇದ್ದಾಗ ಓಟೆ ಅವಳದು, ಕೆನ್ನೆ ನನ್ನದು. ಒಬ್ಬನೇ ಕೊಯ್ಯೋಕೆ ಮನಸ್ಸು ಬರ್ಲಿಲ್ಲ. ಈ ವರ್ಷ ತಿನ್ಬೇಕು ಅನ್ನಿಸ್ತಾ ಇದೆ" ಎಂದು ಒಮ್ಮೆ ನುಂಗಿದ ಮೇಲೆ ಹೇಳಿದರು. ನಾನು ಮುಂದಿನ ತುತ್ತು ಎಣಿಸಿದೆ.

ಇಪ್ಪತ್ತೊಂದನೆಯ ದಿನ ಅವರು ನಾಲಗೆ ತೋರಿಸಿದರು. ಕೆಂಪಗೆ, ಮಗುವಿನ ನಾಲಗೆಯ ಹಾಗಿತ್ತು. ಹಸಿವು ಸರಿಯಾಗಿತ್ತು, ತೇಗು ನಿಂತಿತ್ತು, ಮುಖದಲ್ಲಿ ಕಳೆ ಬಂದಿತ್ತು. ನಾನು ಚೀಟಿ ತೆಗೆದು ಬರೆದೆ: ಬಿಳುಪು.

"ಇನ್ನೂ ಹೋಗಿಲ್ವಾ?" ಎಂದು ಕೇಳಿದರು.

"ಅಂಚಲ್ಲಿ ಸ್ವಲ್ಪ ಇದೆ" ಎಂದೆ.

ಒಂದು ದಿನದ ಮಟ್ಟಿಗೆ ಎಂದುಕೊಂಡಿದ್ದೆ. ಮರುದಿನವೂ ಅದನ್ನೇ ಬರೆದೆ, ಅದರ ಮರುದಿನವೂ. ಇದಕ್ಕೆ ಬಣ್ಣ ಕಟ್ಟಿ ಹೇಳುವುದರಲ್ಲಿ ಅರ್ಥವಿಲ್ಲ. ಗುಣವಾದ ಮನುಷ್ಯನಿಗೆ ನಾನು ಗಂಜಿ, ಹೆಸರುಕಟ್ಟು ಕುಡಿಸುತ್ತಿದ್ದೆ, ಹನ್ನೆರಡೂವರೆಗೆ ಹೋಗಲು ನನಗೆ ಬೇರೆ ಮನೆಯಿರಲಿಲ್ಲವೆಂದು. ಒಳಕೋಣೆಯ ಹಣ್ಣಿನ ವಾಸನೆ ಮೊದಲು ನಡುಮನೆಗೆ ಬಂತು, ಆಮೇಲೆ ಬೀದಿ ಬಾಗಿಲಿಗೆ ಬಂತು. ಒಂದು ದಿನ ಅದರಲ್ಲಿ ಹುಳಿ ಬೆರೆತಿತ್ತು. ಅಂದು ಅವರು ಹಣ್ಣುಗಳನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಿದರು. ಎರಡನ್ನು ಮಾತ್ರ ಇಟ್ಟುಕೊಂಡರು, ಅವೂ ವಾರದೊಳಗೆ ಕಪ್ಪಾದವು. ನಾನು ಕಣ್ಣಾರೆ ನೋಡಿದೆ, ಆದರೂ ಬಿಳುಪು ಎಂದೇ ಬರೆದೆ.

ಹೀಗೆ ಇಪ್ಪತ್ತಮೂರು ಚೀಟಿಗಳಾದವು. ಮುಂಗಾರಿನ ಮೊದಲ ಮಳೆ ಬಿದ್ದ ದಿನ ನಾವು ಎದುರುಬದುರು ಕೂತಿದ್ದಾಗ ಪಂಡಿತರು ಹೇಳದೆ ಕೇಳದೆ ಬಂದರು. ಹಾಲಪ್ಪನವರ ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಬಿಡಿಸಿದರು, ನಾಲಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಈ ನಾಲಗೆ ತಿಳಿಯಾಗಿ ತಿಂಗಳ ಹತ್ತಿರ ಆಗಿರಬೇಕಲ್ಲ" ಎಂದರು.

ಕೆಲಸ ಹೋದರೆ ಹೋಗಲಿ, ಈ ಮನುಷ್ಯನ ಮುಂದೆ ಮಾನ ಹೋಗುತ್ತದಲ್ಲ ಎಂದು ಕುಗ್ಗಿದೆ. ಹಾಲಪ್ಪನವರು ತಟ್ಟೆಯಿಂದ ತಲೆಯೆತ್ತದೆ ಹೇಳಿದರು: "ಇಲ್ಲ ಅಯ್ನೋರೆ. ನಿನ್ನೆ ತನಕ ಬಿಳುಪೇ ಇತ್ತು. ದಿನಾ ಬೆಳಿಗ್ಗೆ ಕನ್ನಡೀಲಿ ನೋಡ್ಕೊತಿದ್ದೆ."

ಕನ್ನಡಿ ಅಲ್ಲೇ ಗೋಡೆಗೆ ತೂಗುತ್ತಿತ್ತು, ಕ್ಷೌರದ ಕನ್ನಡಿ. ನಲವತ್ತು ದಿನ ಅದರ ಮುಂದೆಯೇ ನೂರು ಹೆಜ್ಜೆ ಎಣಿಸಿದ್ದೆ. ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಪಂಡಿತರು ಅವರನ್ನು ನೋಡಿದರು, ನನ್ನನ್ನು ನೋಡಿದರು. "ಸರಿ. ಇನ್ನು ಪಥ್ಯ ಬೇಡ. ಹೊತ್ತು ಮಾತ್ರ ತಪ್ಪಿಸಬೇಡಿ" ಎಂದು ಬೀದಿಗೆ ಇಳಿದರು. ನಾನು ಏಳುವಾಗ ಹಾಲಪ್ಪನವರನ್ನು ಕೇಳಿದೆ.

"ಯಾವತ್ತಿಂದ ಗೊತ್ತು?"

"ನೀವು ಸುಳ್ಳು ಬರೆಯೋಕೆ ಶುರು ಮಾಡಿದ ದಿನದಿಂದಾನೇ."

"ಮತ್ತೆ ಹಣ್ಣು?"

"ಹಣ್ಣು ಮುಂದಿನ ವರ್ಷಾನೂ ಬರ್ತದೆ" ಎಂದರು. ತಟ್ಟೆ ಎತ್ತಿಡುತ್ತಾ ಹೇಳಿದರು: "ನಾಳೆ ಚೀಟಿ ಇಲ್ದೆ ಬನ್ನಿ. ಎರಡು ತಟ್ಟೆ ಇಟ್ಟಿರ್ತೀನಿ."

ಬರುತ್ತೇನೆ ಎಂದೆ. ಮನಸಾರೆ ಎಂದೆ. ದಾರಿಯಲ್ಲಿ ಪಂಡಿತರು ನನ್ನನ್ನು ಬೈಯಲಿಲ್ಲ. "ನಾಳೆ ಮಧ್ಯಾಹ್ನ ನಿನಗೆ ಕೆಲಸ ಇಟ್ಟಿಲ್ಲ ತಾಯಿ. ಕರೆದ ಕಡೆ ಹೋಗು" ಎಂದಷ್ಟೇ ಹೇಳಿ ಕೊಡೆ ಬಿಚ್ಚಿದರು.

ಮರುದಿನ ಒಗೆದ ಸೀರೆ ಉಟ್ಟು ಹೊರಟೆ. ಮಳೆ ಹನಿಯುತ್ತಿತ್ತು. ಅವರ ಮನೆಯ ಮುಂದೆ ಬಂದು ಕಿಟಕಿಯಿಂದ ಒಳಗೆ ನೋಡಿದೆ. ಎದುರುಬದುರು ಮಣೆಗಳು, ಎರಡರ ಮುಂದೆಯೂ ತಟ್ಟೆ. ಅನ್ನ, ಪಡವಲಕಾಯಿಯ ಹುಳಿ, ಮಜ್ಜಿಗೆ. ಎಲ್ಲಿ ಹುಡುಕಿ ತಂದಿದ್ದರೋ, ಒಂದು ಮಾವಿನಹಣ್ಣು. ಓಟೆಯ ಭಾಗ ನನ್ನ ತಟ್ಟೆಯಲ್ಲಿತ್ತು, ಕೆನ್ನೆ ಅವರ ತಟ್ಟೆಯಲ್ಲಿ.

ನನ್ನ ಕಾಲು ಹೊಸ್ತಿಲ ತನಕ ಹೋಯಿತು, ಮುಂದೆ ಹೋಗಲಿಲ್ಲ. ಜನ ಏನಂದುಕೊಳ್ಳುತ್ತಾರೆಂಬ ಭಯ ಅಲ್ಲ ಅದು. ಆ ತಟ್ಟೆಯ ಭಯ. ಅವರ ಎದುರಿಗೆ ಕೂತು ನಾನು ಹೇಗೆ ಉಣ್ಣಲಿ? ಕೈ ಹಾಕಿದರೆ ಓಡುತ್ತದೆ. ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ನುಂಗುತ್ತೇನೆ. ನಲವತ್ತು ದಿನ ನಿಧಾನ, ನಿಧಾನ ಎಂದ ಬಾಯಿ ಇದೇನಾ ಎಂದು ಅವರು ನೋಡುತ್ತಾರೆ. ನಕ್ಕರೂ ತಡೆಯಲಾರೆ, ನಗದೆ ಮರುಗಿದರೆ ಅದನ್ನಂತೂ ತಡೆಯಲಾರೆ. ಹೊಟ್ಟೆ ಹಸಿದಿತ್ತು, ಹುಳಿಯ ಒಗ್ಗರಣೆಗೆ ಬಾಯಲ್ಲಿ ನೀರು ಬರುತ್ತಿತ್ತು, ಆದರೂ ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತೇ ಇದ್ದೆ.

ಅವರು ಒಂದೂಕಾಲರ ತನಕ ಬಾಗಿಲು ನೋಡುತ್ತಾ ಕಾದರು. ಆಮೇಲೆ ಅನ್ನ ಕಲಸಿದರು. ಅವಸರದಲ್ಲಿ ತಿನ್ನುತ್ತಾರೆ, ಆಗಲಾದರೂ ಒಳಗೆ ನುಗ್ಗಿ ಬೈಯಬಹುದು ಎಂದು ನಾನು ಆಸೆಪಟ್ಟೆ. ಅವರು ನಿಧಾನವಾಗಿ ಉಂಡರು. ಒಂದೊಂದು ತುತ್ತನ್ನೂ ನೀರಾಗುವ ತನಕ ಅಗಿದರು, ನುಂಗಿದ ಮೇಲೆ ಎದುರು ಮಣೆಯನ್ನು ಒಂದು ಗಳಿಗೆ ನೋಡಿದರು. ಅರ್ಧ ಹೊಟ್ಟೆಗೆ ನಿಲ್ಲಿಸಿದರು. ನನ್ನ ತಟ್ಟೆಯನ್ನು ಮುಟ್ಟಲಿಲ್ಲ. ಎದ್ದು ಹೆಜ್ಜೆ ಹಾಕಿದರು. ಹೊರಗೆ ನಿಂತು ನಾನು ಬಾಯೊಳಗೇ ಎಣಿಸಿದೆ. ಐವತ್ತಕ್ಕೆ ಅವರು ಕಿಟಕಿಗೆ ಬಂದಾಗ ಗೋಡೆಗೆ ಅಂಟಿಕೊಂಡೆ. ಎಪ್ಪತ್ತೈದಕ್ಕೆ ಅವರು ಹಿತ್ತಲ ಬಾಗಿಲಲ್ಲಿದ್ದರು. ಇನ್ನು ತಿರುಗಿದರೆ ಮತ್ತೆ ಕಿಟಕಿಗೆ ಬಂದು ಅಲ್ಲೇ ನಿಲ್ಲುತ್ತಾರೆ. ನಾನು ಓಡಿದೆ. ಕಡೆಯ ಇಪ್ಪತ್ತೈದು ಎಣಿಸಲಿಲ್ಲ.

ಆ ಬೀದಿಗೆ ಮತ್ತೆ ಹೋಗಲಿಲ್ಲ. ನಾಳೆ ಹೋದರಾಯಿತು, ಮುಂದಿನ ವಾರ ಹೋದರಾಯಿತು ಎಂದು ದಿನ ತಳ್ಳಿದೆ. ದೀಪಾವಳಿಯ ಹೊತ್ತಿಗೆ ಅವರು ಅಣ್ಣನ ಜೊತೆ ಅಚ್ಚುಕೂಟ ನೋಡಿಕೊಳ್ಳಲು ಬೇರೆ ಊರಿಗೆ ಹೋದರೆಂದು ತಿಳಿಯಿತು. ಹೋಗುವ ಮುಂಚೆ ಔಷಧಾಲಯಕ್ಕೆ ಬಂದಿದ್ದರಂತೆ, ನಾನು ಇರಲಿಲ್ಲ. ಗೋಣಿಯಲ್ಲಿ ಸುತ್ತಿದ ಒಂದು ಮಣೆಯನ್ನು ಪಂಡಿತರು ನನ್ನ ಕೈಗಿತ್ತರು.

"'ಇದು ಅವರದು' ಅಂತ ಕೊಟ್ಟು ಹೋದ್ರು" ಎಂದರು.

ಈಗ ಪಂಡಿತರೂ ಇಲ್ಲ, ಔಷಧಾಲಯವೂ ಇಲ್ಲ. ಕೆಲವು ವರ್ಷಗಳ ಹಿಂದೆ ಕನ್ನಡಿಯಲ್ಲಿ ನಾಲಗೆ ನೋಡಿಕೊಂಡೆ, ಪೂರಾ ಬಿಳುಪು. ನನ್ನ ದುಂಡಗಿನ ಅಕ್ಷರದಲ್ಲಿ ನನಗೇ ಒಂದು ಚೀಟಿ ಬರೆದುಕೊಂಡೆ, ಎದುರಿಗೆ ಒಬ್ಬರು ಎಂಬ ಕೊನೆಯ ಸಾಲನ್ನೂ ಬಿಡದೆ. ಹನ್ನೆರಡೂವರೆಗೆ ಎರಡು ಮಣೆ ಹಾಕುತ್ತೇನೆ. ಒಂದರ ಮೇಲೆ ಕೂತು ಉಣ್ಣುತ್ತೇನೆ: ಮುದ್ದೆಗೆ ಸೊಪ್ಪಿನ ಸಾರು, ಆಮೇಲೆ ಮಜ್ಜಿಗೆ ಅನ್ನ. ಅನ್ನದ ತುತ್ತು ನೀರಾಗುವ ತನಕ ಅಗಿಯುತ್ತೇನೆ. ಕೈ ಈಗ ಓಡುವುದಿಲ್ಲ. ಎದೆಯುರಿ ಹೋಗಿದೆ, ನಿದ್ದೆ ಬರುತ್ತದೆ. ಕಲಿಯಲು ಅಷ್ಟೇನೂ ಕಷ್ಟವಿರಲಿಲ್ಲ. ಅಂದು ಒಳಗೆ ಹೋಗಿದ್ದರೆ ಅವರೇ ಕಲಿಸುತ್ತಿದ್ದರು, ನಾನು ಅಗಿಯುವಾಗ ಅವರು ಮಾತಾಡುತ್ತಿದ್ದರು.

ಉಂಡೆದ್ದು ನೂರು ಹೆಜ್ಜೆ ಹಾಕುತ್ತೇನೆ. ನನ್ನದು ಗೋಡೆಯಿಂದ ಗೋಡೆಗೆ ಹನ್ನೆರಡು ಹೆಜ್ಜೆಯ ಮನೆ, ಎಂಟು ಸಲಕ್ಕೆ ತೊಂಬತ್ತಾರಾಗುತ್ತದೆ. ಉಳಿದ ನಾಲ್ಕು ಹೆಜ್ಜೆಗೆ ಎದುರು ಮಣೆ ಸಿಗುತ್ತದೆ, ಸುಸ್ತಾಗಿರುತ್ತದೆ, ಅದರ ಮೇಲೆ ಕೂರುತ್ತೇನೆ. ಅಲ್ಲಿಂದ ನೋಡಿದರೆ ಎದುರಿಗೆ ಉಂಡು ಬಿಟ್ಟ ತಟ್ಟೆ ಇರುತ್ತದೆ, ತಟ್ಟೆಯ ಆಚೆ ಮಣೆ ಇರುತ್ತದೆ, ಮಣೆಯ ಮೇಲೆ ಯಾರೂ ಇರುವುದಿಲ್ಲ.