ಬೆಳಗಿದ ಚೆಂಬು

ಆ ಭಾನುವಾರ ಜೈಬಾಳ ಚಿಂತೆಗೆಲ್ಲ ಕಾರಣ ಒಂದು ತಾಮ್ರದ ಚೆಂಬು. ಚೆಂಬು ಅವಳದಲ್ಲ, ಏಕಾಂತಯ್ಯನವರದು. ಅದರ ಫೋಟೋ ಮಾತ್ರ ಅವಳದು. ಆ ಫೋಟೋ ಈಗ ತುಮಕೂರಿನ ಚಿಕ್ಕಪೇಟೆಯಲ್ಲಿ, ಏಕಾಂತಯ್ಯನವರ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಸಿಕ್ಕಿಕೊಂಡು ತಂತಿಯ ಮೇಲೆ ನೇತಾಡುತ್ತಿತ್ತು.

ಭಾನುವಾರ ಆ ಕೋಣೆಯಲ್ಲಿ ಫೋಟೋ ಹುಚ್ಚಿನವರು ಏಳೆಂಟು ಜನ ಸೇರುತ್ತಿದ್ದರು. ತಂದ ಚಿತ್ರಗಳನ್ನು ಹೆಸರಿಲ್ಲದೆ ತಂತಿಗೆ ಸಿಕ್ಕಿಸುವುದು, ಉಳಿದವರು ಅದರ ಹುಳುಕು ಹೇಳುವುದು, ತೆಗೆದವರು ತುಟಿ ಪಿಟಕ್ಕೆನ್ನದೆ ಕೂತು ಕೇಳುವುದು, ಇದು ಅಲ್ಲಿನ ಕಟ್ಟಳೆ. ಹೆಸರು ಗೊತ್ತಾದರೆ ನಾಲಿಗೆ ಮೆತ್ತಗಾಗುತ್ತದೆ ಎಂಬುದು ಏಕಾಂತಯ್ಯನವರ ವಾದ. ಅವರ ನಾಲಿಗೆ ಯಾರ ಎದುರಿಗೂ ಮೆತ್ತಗಾದದ್ದನ್ನು ಕಂಡವರಿಲ್ಲ, ಅದು ಬೇರೆ ಮಾತು.

ಜೈಬಾಗೆ ಇಪ್ಪತ್ತು ವರ್ಷ. ಅವಳ ತಂದೆ ಅಹಮದ್ ಪಾಷಾ ಉಪ್ಪಾರಹಳ್ಳಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವವರು. ಹಳೆಯ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಬೆಳಗಿ, ಕಾಯಿಸಿ, ಒಳಮೈಗೆ ತವರ ಬಳಿದು ಕೊಡುವ ಕೆಲಸ. ಕಲಾಯಿ ಆದ ಪಾತ್ರೆಗಳನ್ನು ಏಕಾಂತಯ್ಯನವರ ಮನೆಗೆ ತಲುಪಿಸಲು ಹೋದಾಗಲೆಲ್ಲ ಜೈಬಾ ಪಕ್ಕದ ಸ್ಟುಡಿಯೋದ ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ನಿಂತು ನಿಂತು ಮೂರು ತಿಂಗಳಲ್ಲಿ ರೀಲು ಹಾಕುವುದು, ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆಯುವುದು ಎಲ್ಲ ಕಲಿತಿದ್ದಳು. ಅಷ್ಟರಲ್ಲಿ, ತೊಂಬತ್ತೆಂಟರ ಬೇಸಿಗೆಯಲ್ಲಿ, ಕುಣಿಗಲ್ಲಿನ ಮದುವೆಯೊಂದು ಸ್ಟುಡಿಯೋಗೆ ಬಂತು. ಹೆಣ್ಣಿನ ಮನೆಯವರದು ಒಂದೇ ಷರತ್ತು: ಹೆಂಗಸರ ಕಡೆಗೆ ಗಂಡಸು ಕ್ಯಾಮೆರಾ ಹಿಡಿದು ಬರಕೂಡದು. ಹಿಂದೆ ಇಂಥ ಮೂರು ಮದುವೆ ಏಕಾಂತಯ್ಯನವರ ಕೈತಪ್ಪಿದ್ದವು.

"ನಾನು ಹೋಗ್ತೀನಿ ಸರ್," ಎಂದಿದ್ದಳು ಜೈಬಾ. ಹೇಳಿದ ಮೇಲೆ ತನ್ನ ಧೈರ್ಯಕ್ಕೆ ತಾನೇ ಬೆಚ್ಚಿದ್ದಳು.

ಏಕಾಂತಯ್ಯ ಕನ್ನಡಕದ ಮೇಲಿಂದ ನೋಡಿದರು. ಎದ್ದು ಒಳಗೆ ಹೋಗಿ, ತಾವು ದಿನಾ ನೀರು ಕುಡಿಯುವ ಚೆಂಬನ್ನು ತಂದು ಅವಳ ಕೈಗಿಟ್ಟರು. ಹಳೆಯ ತಾಮ್ರ, ಹೊರಮೈ ಕಪ್ಪಿಟ್ಟಿತ್ತು. "ಅಲ್ಲಾಡೋ ಜನ ಆಮೇಲಿರ್ಲಿ. ಮೊದ್ಲು ಅಲ್ಲಾಡದೇ ಇರೋದನ್ನ ತೆಗಿ. ಇದನ್ನ ಚೆನ್ನಾಗಿ ಬೆಳಗಿ ಒಂದು ಫೋಟೋ ತಗೊಂಡ್ ಬಾ. ಆಮೇಲೆ ಕುಣಿಗಲ್ ಮಾತು."

ಮನೆಯಲ್ಲಿ ಅಬ್ಬಾ ಬೇಡವೆನ್ನಲಿಲ್ಲ. ಆದರೆ ಈ ಮದುವೆ ಸಿಕ್ಕರೆ ಸ್ಟುಡಿಯೋ, ಸಿಗದಿದ್ದರೆ ಒಂದನೇ ತಾರೀಖಿನಿಂದ ಚಿಕ್ಕಮ್ಮ ಆಸ್ಮಾ ಖಾಲಾಳ ಹೊಲಿಗೆ ಕ್ಲಾಸು ಎಂದು ಖಡಾಖಂಡಿತವಾಗಿ ಹೇಳಿದರು. ಖಾಲಾ ಆಗಲೇ ಒಂದು ಮಿಷನ್ನು ಖಾಲಿ ಮಾಡಿಸಿ ಇಟ್ಟಿದ್ದಳು. ಜೈಬಾಗೂ ಹೊಲಿಗೆಗೂ ಎಣ್ಣೆ ಸೀಗೇಕಾಯಿ. ಒಮ್ಮೆ ದಿಂಬಿನ ಚೀಲ ಹೊಲಿಯಲು ಕೂತು, ತಾನು ತೊಟ್ಟಿದ್ದ ಕಮೀಜನ್ನೂ ಸೇರಿಸಿ ಹೊಲಿದುಕೊಂಡು, ದಿಂಬಿನ ಸಮೇತ ಎದ್ದು ನಿಂತ ಹುಡುಗಿ ಅವಳು.

ಹಾಗಾಗಿ ಜೈಬಾ ಚೆಂಬನ್ನು ಬೆಳಗಿದಳು. ಹುಣಸೆಹಣ್ಣು, ಉಪ್ಪು, ಕೊನೆಗೆ ಇಟ್ಟಿಗೆ ಪುಡಿ. ರಟ್ಟೆ ಬಿದ್ದುಹೋಗುವಂತೆ ಉಜ್ಜಿದಳು. ಅಬ್ಬಾನ ಅಂಗಡಿಗೆ ಬರುವ ಗಿರಾಕಿಗಳೆಲ್ಲ ಹೇಳುತ್ತಿದ್ದ ಮಾತೇ ಅದು, "ಚೆನ್ನಾಗಿ ಬೆಳಗಿ ಕೊಡಿ ಸಾಬ್ರೆ" ಅಂತ. ಚೆಂಬು ಕೆಂಡದ ಹಾಗೆ ಹೊಳೆಯಿತು. ಅದನ್ನು ಕಿಟಕಿಯ ಎದುರಿಗಿಟ್ಟು, ಸ್ಟುಡಿಯೋದಿಂದ ತಂದಿದ್ದ ಕ್ಯಾಮೆರಾದಲ್ಲಿ ಫೋಟೋ ತೆಗೆದಳು. ಕೊಟ್ಟ ಕೆಲಸವನ್ನು ಹೇಳಿದ್ದಕ್ಕಿಂತ ಒಂದು ಕೈ ಮೇಲೆ ಮಾಡಿದ್ದೇನೆ ಎಂದು ಮನಸ್ಸು ಹಿಗ್ಗಿತ್ತು.

ಈಗ ತಂತಿಯ ಮುಂದೆ ಮೊದಲು ಎದ್ದು ನಿಂತವರು ಹನುಮಂತರಾಜು. ಗುಬ್ಬಿಯ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿದರು.

"ಇದ್ಯಾವ್ದ್ರೀ ಇದು? ಕನ್ನಡಿ ಫೋಟೋನಾ?"

"ಚೆಂಬು ಕಣ್ರೀ," ಎಂದರು ಪಕ್ಕದಲ್ಲಿದ್ದ ಚನ್ನವೀರಯ್ಯ. ಕೃಷಿ ಇಲಾಖೆಯ ಗುಮಾಸ್ತರು, ಹಕ್ಕಿ ಬಿಟ್ಟರೆ ಬೇರೇನೂ ತೆಗೆದವರಲ್ಲ.

"ಚೆಂಬು ಎಲ್ಲೈತೆ? ನಂಗೆ ಕಿಟಕಿ ಕಾಣ್ತದೆ. ಕಿಟಕಿ ಆಚೆ ತಂತಿ ಮೇಲೆ ಯಾರ್ದೋ ಲುಂಗಿ ಕಾಣ್ತದೆ. ನಡುಮಧ್ಯ ಬಿಳಿ ದುಪಟ್ಟಾ ಹಾಕ್ಕೊಂಡು ಒಂದು ಹೆಣ್ಮಗಳು ಕ್ಯಾಮೆರಾ ಹಿಡ್ಕೊಂಡು ಕೂತವ್ಳೆ." ಮೇಷ್ಟ್ರು ನಿಧಾನವಾಗಿ ತಿರುಗಿದರು. ಅವರ ಜೊತೆ ಏಳು ತಲೆಗಳೂ ಹಿಂದಿನ ಬೆಂಚಿನತ್ತ ತಿರುಗಿದವು.

ಹೆಸರು ಬರೆಯದಿದ್ದರೇನು, ಚೆಂಬೇ ಬಾಯಿಬಿಟ್ಟಿತ್ತು. ಕೋಣೆ ಗೊಳ್ಳೆಂದಿತು. ಜೈಬಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏಕಾಂತಯ್ಯ ಮಾತ್ರ ನಗಲಿಲ್ಲ.

"ಚೆಂಬೆಲ್ಲಮ್ಮ?"

ಅವಳು ಚೀಲದಿಂದ ತೆಗೆದು ಕೊಟ್ಟಳು. ಏಕಾಂತಯ್ಯ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಏನ್ ಮಾಡ್ದೆ ಇದಕ್ಕೆ?"

"ನೀವೇ ಹೇಳಿದ್ರಲ್ಲ ಸರ್, ಚೆನ್ನಾಗಿ ಬೆಳಗು ಅಂತ."

ಏಕಾಂತಯ್ಯನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕ್ಯಾಮೆರಾ, ಫೋಟೋ, ಪ್ರಿಂಟು ಬಿಟ್ಟು ಕಸುಬಿನ ಮಿಕ್ಕೆಲ್ಲಕ್ಕೂ ಕನ್ನಡದ ಮಾತನ್ನೇ ಹುಡುಕಿ ಬಳಸುವ ಚಾಳಿ ಅವರದು. ಬೇರೆಯವರು ಲೈಟಿಂಗ್ ಎಂದರೆ ಅವರು ಬೆಳಗುವುದು ಎನ್ನುತ್ತಿದ್ದರು, ದೀಪ ಬೆಳಗಿದ ಹಾಗೆ.

"ಅಯ್ಯೋ ತಾಯಿ, ಬೆಳಕು ಬೀಳ್ಸು ಅಂದಿದ್ದು ಕಣಮ್ಮ ನಾನು! ನೀನು ಹುಣ್ಸೆಹಣ್ಣು ಹಾಕಿ ತಿಕ್ಕಿದೀಯ! ನಮ್ಮನೆಯವ್ಳು ವನಜ ಮದ್ವೆ ಆಗಿ ಮೂವತ್ತು ವರ್ಷದಲ್ಲಿ ಒಂದ್ಸಲಾನೂ ಹಿಂಗೆ ತಿಕ್ಕಿರ್ಲಿಲ್ಲ." ಮತ್ತೆ ನಗು. ಅದು ಅಡಗುವವರೆಗೆ ಕಾದು ಅವರು ದನಿ ತಗ್ಗಿಸಿದರು. "ಆ ಕಪ್ಪು ಇತ್ತಲ್ಲ, ಅದಕ್ಕೇ ಇದನ್ನ ಕೊಟ್ಟಿದ್ದು. ಕಪ್ಪು ಮೈ ಬೆಳಕನ್ನ ಕುಡೀತದೆ, ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ತೋರಿಸ್ತದೆ. ಹೊಳೆಯೋ ಮೈ ಏನೂ ಇಟ್ಕೊಳಲ್ಲ, ಎದುರಿಗಿದ್ದದ್ದನ್ನ ವಾಪಸ್ ಎಸೀತದೆ. ನೀನು ಚೆಂಬು ನೋಡ್ಲೇ ಇಲ್ಲ. ಹೊಳಪು ನೋಡ್ದೆ."

ಆ ಮಾತು ನೆಟ್ಟಗೆ ಎದೆಗೆ ಹೋಯಿತು. ನಕ್ಕದ್ದಕ್ಕಿಂತ ಅದು ಹೆಚ್ಚು ನೋಯಿಸಿತು, ಯಾಕೆಂದರೆ ಅದು ನಿಜವಾಗಿತ್ತು. ಉಜ್ಜಿದ ಎರಡು ಗಂಟೆಯಲ್ಲಿ, ಫೋಟೋ ತೆಗೆದ ಅರ್ಧ ಗಂಟೆಯಲ್ಲಿ, ಆ ಚೆಂಬಿನ ಹೊಟ್ಟೆ ಒಂದು ಕಡೆ ತುಸು ಸೊಟ್ಟಗಿದೆ ಎಂಬುದನ್ನೂ ಅವಳು ಗಮನಿಸಿರಲಿಲ್ಲ. ಈಗ, ಅವರ ಕೈಯಲ್ಲಿ, ಅದು ಎದ್ದು ಕಾಣುತ್ತಿತ್ತು.

"ಕುಣಿಗಲ್ ಮದ್ವೆ ಬರೋ ಗುರುವಾರ ಅಲ್ಲ, ಅದರ ಮುಂದಿನ ಗುರುವಾರ," ಎಂದರು ಏಕಾಂತಯ್ಯ, ಚೆಂಬನ್ನು ಅವಳಿಗೇ ವಾಪಸು ಕೊಡುತ್ತ. "ಇನ್ನೊಂದು ಭಾನುವಾರ ಐತೆ. ಇದೇ ಚೆಂಬು. ಇದನ್ನ ಮತ್ತೆ ಕಪ್ಪು ಮಾಡೋಕೆ ಮಾತ್ರ ಹೋಗ್ಬೇಡ."

ಏಕಾಂತಯ್ಯ ಕೊಟ್ಟ ಇನ್ನೊಂದು ರೀಲಿನಲ್ಲಿ ಉಳಿದದ್ದು ನಾಲ್ಕು ಚಿತ್ರ. ಆ ವಾರ ಜೈಬಾ ಕಿಟಕಿಗೆ ಹಾಸಿಗೆಯ ಬಿಳಿ ಹೊದಿಕೆ ಕಟ್ಟಿದಳು. ಕಿಟಕಿ ಮಾಯವಾಯಿತು, ಲುಂಗಿಯೂ ಹೋಯಿತು, ಬೆಳಕು ಹಾಲಿನ ಹಾಗೆ ಮೆತ್ತಗಾಯಿತು. ಆದರೆ ಚೆಂಬಿನ ಹೊಟ್ಟೆಯಲ್ಲಿ ಅವಳು ಮಾತ್ರ ಗಟ್ಟಿಯಾಗಿ ಕೂತಿದ್ದಳು. ಎಡಕ್ಕೆ ಸರಿದರೆ ಎಡಕ್ಕೆ ಬಂದಳು, ಬಗ್ಗಿದರೆ ಬಗ್ಗಿದಳು. ಮಂಗಳವಾರ ಒಂದು, ಬುಧವಾರ ಒಂದು, ಹೀಗೆ ಎರಡು ಚಿತ್ರ ಹಾಳಾದವು. ಬುಧವಾರ ಸಂಜೆ ಅಬ್ಬಾ ತಾವಾಗಿಯೇ ಬಂದು, ಕುಲುಮೆಯ ಹೊಗೆಗೆ ಹಿಡಿದರೆ ಒಂದು ಗಳಿಗೆಯಲ್ಲಿ ಕಪ್ಪಾಗುತ್ತದೆ ಎಂದರು. ಅವಳ ಮನಸ್ಸು ತುಂಬ ಓಲಾಡಿತು. ಬೇಡ ಎನ್ನುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು.

ಗುರುವಾರ ಅವಳ ತಾಯಿ ರಹಿಮಾ ಬೀ ಕೊತ್ತಂಬರಿ ತರಲು ಅಂಗಡಿಗೆ ಅಟ್ಟಿದಳು. ಜೈಬಾ ಕೊತ್ತಂಬರಿ ತಂದು ಒಲೆಯ ಪಕ್ಕ ಎಸೆದು, ಬುರ್ಖಾ ಕೂಡ ಬಿಚ್ಚದೆ ಸೀದಾ ಚೆಂಬಿನ ಮುಂದೆ ಕೂತು ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಇಟ್ಟವಳು ಹಾಗೇ ಉಳಿದಳು. ಚೆಂಬಿನಲ್ಲಿ ಅವಳು ಕಾಣಲಿಲ್ಲ. ಕಪ್ಪು ಬಟ್ಟೆ ಚೆಂಬಿನ ನಡುವಿಗೆ ಕಪ್ಪನ್ನೇ ಕೊಟ್ಟಿತ್ತು, ಪಕ್ಕದಿಂದ ಬಂದ ಬೆಳಕು ಅಂಚಿನಗುಂಟ ಇಳಿದಿತ್ತು. ಹೊಟ್ಟೆ ಉಬ್ಬಿತ್ತು, ಕಂಠ ತಗ್ಗಿತ್ತು. ಒಂದು ಕಡೆ ಸೊಟ್ಟಗಿರುವುದು ಸೊಟ್ಟಗೇ ಕಂಡಿತು. ಮೊಟ್ಟಮೊದಲ ಸಲ ಅವಳು ಆ ಚೆಂಬನ್ನು ನೋಡಿದಳು. ಒಂದು ತೆಗೆದಳು, ಉಸಿರು ಹಿಡಿದು ಇನ್ನೊಂದು ತೆಗೆದಳು, ರೀಲು ಮುಗಿಯಿತು.

ರೀಲನ್ನು ತೊಳೆದು ಪ್ರಿಂಟು ಹಾಕಿದ್ದು ಏಕಾಂತಯ್ಯನವರೇ. ಭಾನುವಾರ ತಂತಿಯ ಮೇಲೆ ನೋಡುವವರೆಗೆ ಜೈಬಾಗೆ ಅದರ ಮುಖ ಗೊತ್ತಿರಲಿಲ್ಲ.

ಹನುಮಂತರಾಜು ಈ ಸಲ ನಗಲಿಲ್ಲ. ತುಂಬ ಹೊತ್ತು ನೋಡಿದರು.

"ಇದು ಚೆಂಬು ಅಂದ್ರೆ! ಎತ್ಕೊಂಡು ನೀರು ಕುಡೀಬೇಕು ಅನ್ಸ್ತದೆ. ಅದ್ರಲ್ಲೂ ಕಂಠದ ಕೆಳ್ಗೆ ಕೆತ್ತನೆ ನೋಡಿ ಚನ್ನವೀರಯ್ಯ, ಸಣ್ಣ ಸಣ್ಣ ಗೀರು, ಈ ಕಡೆ ನಾಕು ಆ ಕಡೆ ನಾಕು. ಎಷ್ಟು ನಾಜೂಕಾಗಿ ಬಂದವೆ!"

"ಹೌದೌದು. ಹಳೇ ಕಾಲ್ದ ಕೈಕೆಲ್ಸ ಅದು," ಎಂದರು ಚನ್ನವೀರಯ್ಯ.

ಎಲ್ಲರೂ ತಲೆದೂಗಿದರು. ಜೈಬಾ ಮುಂದೆ ಬಗ್ಗಿ ನೋಡಿದಳು. ಎರಡು ಗಂಟೆ ಉಜ್ಜಿದ ಚೆಂಬು ಅದು. ಅದರ ಮೈ ನುಣ್ಣಗಿತ್ತು, ಕೆತ್ತನೆ ಗಿತ್ತನೆ ಏನೂ ಇರಲಿಲ್ಲ. ಆ ಎಂಟು ಗೀರುಗಳು ಕ್ಯಾಮೆರಾ ಹಿಡಿದಿದ್ದ ಅವಳ ಎಂಟು ಬೆರಳು. ಮೈಯನ್ನೆಲ್ಲ ಮುಚ್ಚಿದವಳು ಕೈಯನ್ನು ಮರೆತಿದ್ದಳು.

ಯಾರಿಗೂ ಗೊತ್ತಾಗಿಲ್ಲ. ಸುಮ್ಮನಿದ್ದರೆ ಕುಣಿಗಲ್ಲು ತನ್ನದು. ತೆಗೆದವರು ಬಾಯಿ ಬಿಡಬಾರದೆಂದು ಕಟ್ಟಳೆಯೇ ಇದೆಯಲ್ಲ, ಸುಮ್ಮನಿದ್ದರೆ ತಪ್ಪೂ ಅಲ್ಲ. ಹೊಲಿಗೆ ಮಿಷನ್ನಿನ ಟಕಟಕ ಕಿವಿಯಲ್ಲಿ ಕೇಳಿಸಿದಂತಾಯಿತು. ಮೇಷ್ಟ್ರು ಇನ್ನೂ ಕೆತ್ತನೆಯ ಅಂದವನ್ನೇ ಬಣ್ಣಿಸುತ್ತಿದ್ದರು. ಅವರು ಹೊಗಳಿದಷ್ಟೂ ಅವಳಿಗೆ ಆ ಬೆರಳುಗಳೇ ದೊಡ್ಡವಾಗುತ್ತ ಹೋದವು. ಬೇರೆ ಏನನ್ನು ನೋಡಲೂ ಆಗಲಿಲ್ಲ.

"ಸರ್," ಎಂದು ಎದ್ದು ನಿಂತಳು. "ಅದು ಕೆತ್ತನೆ ಅಲ್ಲ. ನನ್ನ ಬೆರಳು."

ಹನುಮಂತರಾಜು ಮತ್ತೊಮ್ಮೆ ಬಗ್ಗಿ ನೋಡಿ, ಕೆಮ್ಮಿ, ಮೆಲ್ಲಗೆ ತಮ್ಮ ಕುರ್ಚಿಗೆ ಹೋಗಿ ಕೂತರು. ಜೈಬಾ ಏಕಾಂತಯ್ಯನವರ ಕಡೆ ನೋಡಲು ಹೆದರಿ ನೆಲ ನೋಡುತ್ತ ನಿಂತಳು. ಮುಗಿಯಿತು ಎಂದುಕೊಂಡಳು.

"ಆ ಚೆಂಬಲ್ಲಿ ನಾನು ನಲವತ್ತು ವರ್ಷದಿಂದ ನೀರು ಕುಡೀತಿದೀನಿ," ಎಂದರು ಏಕಾಂತಯ್ಯ. "ಕೆತ್ತನೆ ಇಲ್ಲ ಅಂತ ನಂಗೊತ್ತಿಲ್ವೇನಮ್ಮ? ನಿನ್ನೆ ಪ್ರಿಂಟ್ ಹಾಕ್ವಾಗ್ಲೇ ಎಣಿಸಿದ್ದೆ, ಎಂಟು. ನೀನು ಎಣಿಸ್ತೀಯೋ ಇಲ್ವೋ ಅಂತ ಕಾಯ್ತಿದ್ದೆ."

ಅವಳು ತಲೆಯೆತ್ತಿದಳು.

"ಮದ್ವೆ ಮನೇಲಿ ಒಡವೆ, ಜರಿ, ಗಾಜಿನ ಬಳೆ, ಎಲ್ಲಾ ಹೊಳೀತವೆ. ಎಲ್ಲಾದ್ರಲ್ಲೂ ನಿನ್ನ ಬಿಂಬ ಬೀಳ್ತದೆ. ಅದನ್ನ ತಪ್ಸೋಕೆ ಆಗಲ್ಲ, ನಂಗೂ ಆಗಲ್ಲ. ಬಿದ್ದದ್ದು ನಿಂಗೇ ಕಂಡ್ರೆ ಸಾಕು. ಗುರುವಾರ ಏಳೂವರೆಗೆ ಬಸ್‌ಸ್ಟ್ಯಾಂಡಲ್ಲಿರು."

ಜೈಬಾ ಹಿಗ್ಗಿನಿಂದ ಹೂಂ ಎಂದಳು. ಬೆಂಚಿನ ಮೇಲೆ ಕುಕ್ಕರಿಸುತ್ತಿದ್ದಂತೆ ಚಿಂತೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಚೆಂಬಾದರೆ ಐದು ದಿನ ಕೂರಿಸಿದ ಕಡೆ ಕೂತಿತ್ತು. ಮದುಮಗಳು ಕೂರುತ್ತಾಳೆಯೇ?