ಕೆಂಚಿಯ ಮಡಿಲು

ನಾನು ಒಂದು ಹೆಣ್ಣು ಒರಾಂಗುಟಾನ್. ಹಾಗೆಂದರೆ ಕಾಡಿನ ಮನುಷ್ಯ ಎಂದು ಅರ್ಥವಂತೆ. ಆದರೆ ನಾನು ಕಾಡನ್ನು ಕಂಡವಳಲ್ಲ. ಹುಟ್ಟಿದ್ದು ದೂರದ ಚಳಿದೇಶವೊಂದರ ಮೃಗಾಲಯದಲ್ಲಿ. ಹೆತ್ತವಳಿಗೆ ಹಾಲು ಬರಲಿಲ್ಲವೆಂದು ನನ್ನನ್ನು ಬೇರೆ ಕೋಣೆಗೆ ಒಯ್ದು, ಕೈಗವಸು ತೊಟ್ಟವರು ಬಾಟಲಿಯಲ್ಲಿ ಹಾಲು ಕುಡಿಸಿದರು. ನಮ್ಮ ಮರಿಗಳು ವರ್ಷಗಟ್ಟಲೆ ತಾಯಿಯ ಮೈಕೂದಲು ಹಿಡಿದುಕೊಂಡೇ ಬೆಳೆಯುತ್ತವೆ. ನಾನು ಹಿಡಿದುಕೊಂಡದ್ದು ಒಂದು ಕಂಬಳಿಯನ್ನು. ಆದರೂ ಅವರು ನನ್ನನ್ನು ಬದುಕಿಸಿದರು.

ಬೆಳೆದ ಮೇಲೆ ವಿಮಾನ ಹತ್ತಿಸಿ ಈ ಕನ್ನಡದ ಊರಿನ ಮೃಗಾಲಯಕ್ಕೆ ಕಳುಹಿಸಿದರು. ಇಲ್ಲಿ ನನ್ನನ್ನು ನೋಡಿಕೊಂಡವರು ಚೆಲುವಯ್ಯ. ನನ್ನ ತಾಮ್ರದ ಬಣ್ಣದ ಉದ್ದ ಕೂದಲು ಕಂಡು, "ಇವ್ಳು ನಮ್ ಕೆಂಚಿ" ಎಂದರು. ಅದೇ ಹೆಸರು ನಿಂತಿತು. ಎದ್ದು ನಿಂತರೆ ನನ್ನ ತೋಳುಗಳು ಕಣಕಾಲು ಮುಟ್ಟುತ್ತವೆ. ಕಾಲುಗಳೂ ಕೈಗಳಂತೆಯೇ ಹಿಡಿಯುತ್ತವೆ. ಸಂಜೆ ಚೆಲುವಯ್ಯ ಆಲದ ಸೊಪ್ಪು ತಂದುಹಾಕುತ್ತಿದ್ದರು. ಅದನ್ನು ಮಡಿಸಿ, ಹೆಣೆದು ಹಾಸಿಗೆ ಮಾಡುವುದನ್ನು ಪಕ್ಕದ ಆವರಣದ ಗಂಡನ್ನು ನೋಡಿ ಕಲಿತೆ. ಅವನ ಕೆನ್ನೆಗಳು ಮೊರದಷ್ಟು ಅಗಲ. ಅವನು ಕೂಗಿದರೆ ಹೊರಗಿನ ರಸ್ತೆಯವರೂ ತಿರುಗಿ ನೋಡುತ್ತಿದ್ದರು. ಮುಂದೆ ಅವನಿಂದ ನನಗೊಂದು ಹೆಣ್ಣುಮರಿಯಾಯಿತು.

ಮರಿ ಅಳುತ್ತಿತ್ತು. ನನಗೆ ಏನೂ ತೋಚಲಿಲ್ಲ. ತಲೆಯ ಮೇಲಿಟ್ಟುಕೊಂಡೆ, ತಲೆಕೆಳಗಾಗಿ ಹಿಡಿದೆ. ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು. ಆ ನೋವಿಗೂ ಈ ಅಳುವಿಗೂ ಸಂಬಂಧವಿದೆಯೆಂದು ಹೊಳೆಯಲೇ ಇಲ್ಲ.

ಮೃಗಾಲಯದ ವೈದ್ಯೆ ತಸ್ನೀಮ್ ಬಂದು ನೋಡಿದರು. "ನಾಳೆ ಬೆಳಿಗ್ಗೆವರೆಗೂ ಕಾಯೋಣ, ಚೆಲುವಯ್ಯ. ಕುಡಿಸ್ಲಿಲ್ಲ ಅಂದ್ರೆ ಮರೀನ ತೆಗೀಲೇಬೇಕು."

"ಇವ್ಳೂ ಹಂಗೇ ಬಾಟ್ಲೀಲಿ ಬೆಳೆದೋಳು, ಮೇಡಂ. ಎದೆಹಾಲು ಕುಡಿಸೋದ ಎಲ್ಲಿ ನೋಡವ್ಳೆ?"

ತಸ್ನೀಮ್ ಚೆಲುವಯ್ಯನವರ ಕಡೆ ತಿರುಗಿದರು. "ನಿಮ್ಮ ಮಗಳು ಬಾಣಂತನಕ್ಕೆ ಬಂದಿದಾಳಲ್ವಾ? ಒಪ್ತಾಳಾ, ಕೇಳಿ ನೋಡಿ."

ಚೆಲುವಯ್ಯನವರ ಮಗಳು ಶಿವಮಲ್ಲಿ ತನ್ನ ಕೂಸನ್ನೆತ್ತಿಕೊಂಡು ಬಂದಳು. ಜಾಲರಿಯ ಆಚೆ ಚಾಪೆ ಹಾಸಿ ಕೂತು, "ಅಪ್ಪಾ, ನೀನು ಆಚೆಗೋಗು" ಎಂದಳು. ನಾನು ನೋಡಲೆಂದು ಕೂಸನ್ನು ನಿಧಾನವಾಗಿ ಎದೆಗೆ ಹಿಡಿದಳು. ಕೂಸು ಕುಡಿಯತೊಡಗಿತು.

ನಾನು ನನ್ನ ಮರಿಯನ್ನು ಎತ್ತಿ ಜಾಲರಿಗೆ ಒತ್ತಿ, ಅವಳಿಗೆ ಕೊಡಲು ನೋಡಿದೆ. ನಾನು ಕಂಡಂತೆ ಹಾಲು ಕೊಡುವವರು ಮನುಷ್ಯರೇ ಅಲ್ಲವೇ?

ಶಿವಮಲ್ಲಿಯ ಕಣ್ಣು ತುಂಬಿತು. "ನಂಗಲ್ಲ ಕಣವ್ವ. ಅದು ನಿನ್ ಕೂಸು, ನೀನೇ ಕುಡಿಸ್ಬೇಕು. ನೋಡು, ತಲೆ ಮೇಲಕ್ಕೆ... ಹಿಂಗೆ."

ಮತ್ತೆ ಮತ್ತೆ ತೋರಿಸಿದಳು. ಸಂಜೆಯ ಹೊತ್ತಿಗೆ ನಾನು ಮರಿಯನ್ನು ತಿರುಗಿಸಿ, ಅವಳಂತೆಯೇ ತೋಳಿನಲ್ಲಿ ಒರಗಿಸಿಕೊಂಡೆ. ಮರಿ ತಡಕಾಡಿತು, ಜಾರಿತು, ಆಮೇಲೆ ಬಾಯಿ ಹಾಕಿತು. ಅಳು ನಿಂತಿತು. ನನ್ನ ಎದೆಯ ನೋವೂ ಇಳಿಯಿತು. ಶಿವಮಲ್ಲಿ ಸದ್ದಿಲ್ಲದೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಈಗ ನನ್ನ ಕೂದಲು ತೆಳುವಾಗಿದೆ, ಕೀಲುಗಳು ನೋಯುತ್ತವೆ. ಎತ್ತರದ ಹಲಗೆ ಬಿಟ್ಟು ಕೆಳಗಿನ ಮೂಲೆಯಲ್ಲಿ ಮಲಗುತ್ತೇನೆ. ನನ್ನನ್ನು ಎತ್ತಿ ಸಾಕಿದವರಿಗೆಲ್ಲ ನಾನು ಋಣಿ. ಆದರೆ ನಾನು ಕೊಡಹೋದ ಮರಿಯನ್ನು ತೆಗೆದುಕೊಳ್ಳದೆ ನನಗೇ ಉಳಿಸಿದ ಶಿವಮಲ್ಲಿಗೆ ಇನ್ನೂ ಹೆಚ್ಚು ಋಣಿ.

ಮೊನ್ನೆ ನನ್ನ ಆ ಮಗಳು ಹೆತ್ತಳು. ನಾನು ಅವಳ ತಮ್ಮನಿಗೆ ಹಾಲು ಕುಡಿಸುವುದನ್ನು ನೋಡುತ್ತಲೇ ಬೆಳೆದವಳು ಅವಳು. ತಲೆ ನರೆತ ತಸ್ನೀಮ್ ಬಂದು ಬಗ್ಗಿ ನೋಡಿದರು. ಮರಿ ಆಗಲೇ ಎದೆಗಂಟಿಕೊಂಡು ಕುಡಿಯುತ್ತಿತ್ತು.

"ಇಲ್ಲಿ ನಮಗೇನೂ ಕೆಲ್ಸ ಇಲ್ಲ, ಬನ್ನಿ" ಎಂದು ಜೊತೆಯವರನ್ನು ಕರೆದುಕೊಂಡು ಅವರು ಹೊರಟುಹೋದರು.