ವಿಶಾಖಾಳ ಮೂರನೇ ಮನೆ

ಗಂಡು ಹೆಣ್ಣು ಹೊಂದಿಸುವುದು ನನ್ನ ಕಸುಬು. ಬಸವನಗುಡಿಯ ಅರ್ಧ ಮನೆಗಳ ಜಾತಕ, ಫೋಟೋ, ವಿಳಾಸ ನನ್ನ ಫೋನಿನಲ್ಲಿವೆ. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ದವಳಲ್ಲ ನಾನು. ಹಾಗಿರುವಾಗ ವಿಶಾಖಾಳ ಚಿಕ್ಕಮ್ಮ, "ನಿಮ್ಮ ಫೋನಿಂದ್ಲೇ ಅಡ್ರೆಸ್ ಸೋರ್ತಿರ್ಬೋದಲ್ವಾ ಹಂಸಾ ಅವ್ರೇ?" ಅಂದಾಗ ಮೈಯೆಲ್ಲ ಉರಿಯಿತು.

ವಿಶಾಖಾ ಎರಡನೇ ಸಂಬಂಧ ಹುಡುಕಿಕೊಡಿ ಎಂದು ನನ್ನಲ್ಲಿಗೆ ಬಂದ ಹುಡುಗಿ. ಡೈವೋರ್ಸ್ ಆಗಿದ್ದರೂ ಹಳೆಯ ಗಂಡ ಬೆನ್ನು ಬಿಟ್ಟಿರಲಿಲ್ಲ. ಎರಡು ಬಾಡಿಗೆ ಮನೆ ಬದಲಾಯಿಸಿದರೂ ಅವನು ಎದುರಿನ ಫುಟ್‌ಪಾತಿಗೆ ಬಂದು ನಿಲ್ಲುತ್ತಿದ್ದ. ಮೂರನೆಯದನ್ನು ಮಲ್ಲೇಶ್ವರದಲ್ಲಿ ನಾನೇ ಗೊತ್ತುಮಾಡಿದ್ದೆ; ವಿಶಾಖಾ ಇನ್ನೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಅದು ನನ್ನಿಂದ ಹೊರಗೆ ಹೋಗಬಾರದು, ಅಷ್ಟೆ.

ತಂಗಿಯ ಮಗ ಆಕರ್ಷನನ್ನು ಕರೆಸಿದೆ. ಫೋನಿನ ಆಪರೇಟಿಂಗ್ ಸಿಸ್ಟಮ್ಮನ್ನೇ ತೆಗೆದು, ನಮ್ಮ ಸುದ್ದಿ ಯಾರಿಗೂ ಮುಟ್ಟಿಸದ ಬೇರೊಂದನ್ನು ಹಾಕಬಹುದು ಎಂದ.

"ಆದ್ರೆ ದೊಡ್ಡಮ್ಮ, ಇರೋದೆಲ್ಲ ಅಳಿಸಿ ಹೋಗತ್ತೆ. ಕೆಲವು ಬ್ಯಾಂಕ್ ಆ್ಯಪ್ ಓಡಲ್ಲ. ಕೆಟ್ಟರೆ ಅಂಗಡಿಯವ್ನು ಕೈ ಎತ್ತಿಬಿಡ್ತಾನೆ."

ಯಜಮಾನರು ವೆಂಕಟಾಚಲ ಪೇಪರ್ ಕೆಳಗಿಟ್ಟರು. "ಗಾಂಧಿ ಬಜಾರಲ್ಲಿ ಹೂವು ತರೋಕೂ ಸ್ಕ್ಯಾನ್ ಮಾಡ್ತೀಯ. ಆಮೇಲೆ?"

ನಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಕೂತಲ್ಲೇ ಫೀಸು ಬರುವುದು, ಕರೆಂಟ್ ಬಿಲ್ ಕಟ್ಟುವುದು ಎಲ್ಲ ಅದರಲ್ಲೇ. ಆದರೆ ಆ ಹುಡುಗಿ ಪರದೆ ಸರಿಸಿ ಬೀದಿ ನೋಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಪರ್ಸ್ ಇಟ್ಕೋತೀನಿ. ಹಾಕು ಆಕರ್ಷ."

ಅವನು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿದ. "ಮೊದ್ಲು ಹಳೇ ಅಕೌಂಟ್ ತೆಗೀತೀನಿ. ಫೋನಲ್ಲಿ ಯಾರ ಅಕೌಂಟ್ ಇರತ್ತೋ, ಫೋನ್ ಎಲ್ಲಿದೆ ಅಂತ ಅವ್ರು ಕೂತಲ್ಲೇ ನೋಡ್ಬೋದು."

ಮಧ್ಯಾಹ್ನ ಚಾಮರಾಜಪೇಟೆಯಲ್ಲಿದ್ದ ಅವಳ ಎರಡನೇ ಬಾಡಿಗೆ ಮನೆಗೆ ಹೋದೆ. ವಿಶಾಖಾ ಮಾರನೆಯ ದಿನ ಮನೆ ಬದಲಾಯಿಸಲು ಪಾತ್ರೆ ಕಟ್ಟುತ್ತಿದ್ದಳು. ಫೋನ್ ತೋರಿಸಿ ಜಂಬದಿಂದ ಹೇಳಿದೆ, "ಇನ್ನು ನನ್ನಿಂದ ಏನೂ ಸೋರಲ್ಲ ಕಣಮ್ಮ." ಹೇಳುತ್ತಿದ್ದಂತೆ ಮಂಚದ ಮೇಲಿದ್ದ ಅವಳ ಫೋನು ಕಣ್ಣಿಗೆ ಬಿತ್ತು.

"ಅದ್ರಲ್ಲಿ ಯಾರ ಅಕೌಂಟ್ ಇದೆ?"

"ಅವ್ನೇ ಕೊಡ್ಸಿದ್ದು ಆಂಟಿ, ಅವ್ನೇ ಎಲ್ಲ ಹಾಕಿಕೊಟ್ಟಿದ್ದು. ಅಮ್ಮನ ಫೋಟೋ ಹೋಗ್ಬಿಟ್ರೆ ಅಂತ ನಾನು ಏನೂ ಮುಟ್ಟಿಲ್ಲ."

ಆಕರ್ಷ ಹೇಳಿದ್ದನ್ನು ಹೇಳಿದೆ. ಎರಡು ಮನೆಗೂ ಈ ಫೋನ್ ಹಿಡಿದು ತಾನೇ ಅವನನ್ನು ಕರೆದುಕೊಂಡು ಬಂದಂತಾಯಿತು ಎಂದು ಅವಳು ಅತ್ತಳು. ನನಗೂ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು.

"ನಿನ್ನ ಸಿಮ್ ತೆಗೆದು ಇದಕ್ಕೆ ಹಾಕು, ನನ್ನದನ್ನ ನಾನು ತಗೋತೀನಿ. ನನ್ನ ಫೋನ್ ಇಟ್ಕೋ, ಇನ್ನೂ ಏನೂ ತುಂಬಿಲ್ಲ ಅದ್ರಲ್ಲಿ. ಬ್ಯಾಂಕ್ ಕೆಲ್ಸ ಬ್ಯಾಂಕಿಗೇ ಹೋಗಿ ಮಾಡು. ಅಮ್ಮನ ಫೋಟೋ ಆಕರ್ಷ ತೆಗೆದುಕೊಡ್ತಾನೆ."

"ಇದನ್ನ ಆಫ್ ಮಾಡ್ಲಾ?"

"ಬೇಡ. ಆನ್ ಇರ್ಲಿ."

ಅವಳ ಫೋನನ್ನು ಬ್ಯಾಗಿಗೆ ಹಾಕಿಕೊಂಡು ಬಸವನಗುಡಿಗೆ ವಾಪಸು ಬಂದೆ. ಸಿಮ್ ಇಲ್ಲದ ಅದಕ್ಕೆ ನಮ್ಮ ವೈಫೈ ಕೊಟ್ಟು, ಹಜಾರದಲ್ಲಿ ಚಾರ್ಜಿಗೆ ಇಟ್ಟೆ.

"ಯಾರದ್ದು ಇದು?" ಎಂದರು ಯಜಮಾನರು.

"ಇದನ್ನ ಹುಡುಕ್ಕೊಂಡು ಒಬ್ಬ ಬರ್ತಾನೆ," ಅಂದೆ. "ಬಾಗಿಲು ನಾನೇ ತೆಗೀತೀನಿ."